ಚೌಕದೊಳಗಿನ ಬಾವಿ

ಗೋಕಾಕ ಬಸ್ ನಿಲ್ದಾಣದಲ್ಲಿ ಮೂಡಲಗಿ ಬಸ್ಸಿಗೆ ಕಾಯುತ್ತಿದ್ದ ರಾಜೇಶ್ವರಿಯ ಪಕ್ಕದಲ್ಲೇ ಒಬ್ಬ ಶಿಕ್ಷಕಿ, ಒಬ್ಬ ಮುದುಕಿ ಮಾತಾಡುತ್ತ ಕೂತಿದ್ದರು.

"ಗೌರಕ್ಕಾರ, ಇವತ್ತ ಕೋಡಿಂಗ್ ಕ್ಲಾಸಿನ್ಯಾಗ ನಿಮ್ಮ ಮೊಮ್ಮಗಳು ಮಾತಾಡಿದಳ್ರಿ."

"ಕಾಜಲ್? ಅವರವ್ವ ಬಾವಿಗಿ ಬಿದ್ದು ಸತ್ತಾಗಿಂದ ಆಕಿ ಬಾಯೇ ಬಿಟ್ಟಿಲ್ರಿ, ಅಕ್ಕೋರ."

ಶಿಕ್ಷಕಿ ಮುದುಕಿಯ ಕಡೆಗೆ ತಿರುಗಿ ಕೂತಳು.

"ನಾ ಹೊಸಬಾಕಿ, ಗೊತ್ತಿರಲಿಲ್ರಿ. ಕಂಪ್ಯೂಟರ್ ಇಲ್ಲಂತ ನೆಲದ ಮ್ಯಾಲ ಚೌಕ ಬರದು, ಒಬ್ಬ ಹುಡುಗಿನ್ನ ಯಂತ್ರ ಮಾಡಿದ್ದೆ. ಉಳಿದವರು ಹೇಳಿದಂಗ ಆಕಿ ನಡೀಬೇಕು. ಒಂದ ಚೌಕದಾಗ ಬಾವಿ ಬರದಿದ್ದೆ. ಹುಡುಗಿ ಅತ್ತ ಹೊಂಟಾಗ ಕಾಜಲ್ ಎದ್ದು, 'ನಿಲ್ಲು' ಅಂತ ಚೀರಿದಳು. ಆಮ್ಯಾಲ ಎಡಕ್ಕ, ಮುಂದಕ್ಕ ಅಂತ ತಾನಽ ಹೇಳಿ ದಾಟಿಸಿದಳು."

ಗೌರಕ್ಕ ಸೆರಗಿನಿಂದ ಬಾಯಿ ಒತ್ತಿಕೊಂಡಳು.

"ದನಿ ಹ್ಯಾಂಗಿತ್ರಿ?"

"ಸ್ವಲ್ಪ ಗೊಗ್ಗರ ಇತ್ರಿ."

"ಅವರವ್ವಂದೂ ಹಂಗಽ ಇತ್ತು."

ಅವರಿಬ್ಬರ ಕೌಜಲಗಿ ಬಸ್ ಬಂತು. ಶಿಕ್ಷಕಿ ಮುದುಕಿಯ ಕೈಹಿಡಿದು ಹತ್ತಿಸಿದಳು.