ಅಕ್ಕನಿಗೆ ಹೇಳಿದ ತೂಕ

“ಹಲೋ... ಯಾರು ಮಾತಾಡ್ತಿರೋದು? ನೇದಾನಾ? ಪುಟ್ಟೀ, ನಾನು ನಿನ್ನ ಮಾವ ರಾದ್ಕೋ. ಅಮ್ಮ ಎದ್ದಿದ್ದಾಳಾ?”

...

“ಹಾಂ, ನಾಳೇನೇ. ಬೆಳಗ್ಗೆ ಏಳರ ಬಸ್ಸಿಗೆ ನಿಮ್ಮ ಸೋಫಿಯಾಕ್ಕೆ ಹೊರಡ್ತೀನಿ, ಆಸ್ಪತ್ರೆಗೆ. ಏನು? ಅಂಗಿ ತಂದಿದೀಯಾ? ನನಗಾ? ... ಅಯ್ಯೋ, ಅಷ್ಟು ಚಿಕ್ಕ ಅಳತೆ ಯಾಕೆ ತಂದೆ ಮಗಳೇ... ಇಲ್ಲ ಇಲ್ಲ, ಸರಿಹೋಗತ್ತೆ. ಫೋನ್ ಅಮ್ಮಂಗೆ ಕೊಡು.”

ಪ್ಲೊವ್ದಿವ್ ಊರಿನ ಸಿಟಿ ಬಸ್ ಚಾಲಕ ರಾದ್ಕೋ ಅಡುಗೆಮನೆಯ ಗೋಡೆಗೆ ಒರಗಿದ. ಸೋಫಿಯಾದಲ್ಲಿರುವ ಅಕ್ಕ ಮಿಲ್ಕಾಳ ಎರಡೂ ಮೂತ್ರಪಿಂಡಗಳು ಕೆಟ್ಟು ವರ್ಷವಾಗಿತ್ತು. ತನ್ನದೊಂದನ್ನು ಕೊಡುತ್ತೇನೆಂದು ಅವನೇ ಮುಂದೆ ಬಂದಿದ್ದ. ರಕ್ತ ಹೊಂದಿತು, ಉಳಿದದ್ದೆಲ್ಲ ಹೊಂದಿತು. ಆಗ ಅವನ ತೂಕ ನೂರ ಹದಿಮೂರು ಕಿಲೋ. ನೂರರ ಕೆಳಗೆ ಬಂದರೆ ಮಾತ್ರ ಆಗುತ್ತದೆ ಎಂದು ವೈದ್ಯರು ನಾಲ್ಕು ತಿಂಗಳು ಕೊಟ್ಟಿದ್ದರು. ಪ್ರತಿ ಭಾನುವಾರ ಅವನು ಅಕ್ಕನಿಗೆ ಫೋನಿನಲ್ಲಿ ಇಷ್ಟಿಷ್ಟೇ ಇಳಿಸಿ ಹೇಳುತ್ತಾ ಬಂದ. ಕಳೆದ ಭಾನುವಾರದ್ದು ತೊಂಬತ್ತೊಂಬತ್ತು. ನಾಳೆಗೆ ಗಡುವು ಮುಗಿದು ಆಸ್ಪತ್ರೆಯಲ್ಲಿ ತೂಕ ನೋಡುತ್ತಾರೆ.

“ಅಕ್ಕಾ... ಹೇಗಿದೀಯಾ? ನಿನ್ನೆ ಡಯಾಲಿಸಿಸ್ ಮುಗಿಸಿ ಸುಸ್ತಾಯ್ತಾ?”

...

“ಅಳ್ತಿಲ್ಲ. ನೆಗಡಿ. ... ತಿಂಡಿನಾ? ಹಾಂ, ಆಯ್ತು. ಸೌತೆಕಾಯಿ, ಮೊಸರು... ಇಲ್ಲ. ಅದಲ್ಲ. ಅಕ್ಕಾ, ಸ್ವಲ್ಪ ಕೂತ್ಕೋ. ಕೂತ್ಯಾ?”

...

“ತೊಂಬತ್ತೊಂಬತ್ತು ಸುಳ್ಳು. ... ಎಲ್ಲಾನೂ ಸುಳ್ಳು. ಮೊದಲ ತಿಂಗಳು ಆರು ಕಿಲೋ ಇಳಿದದ್ದು ನಿಜ. ಆಮೇಲಿಂದು ಬಾಯಿಗೆ ಬಂದದ್ದು ಹೇಳ್ದೆ.”

ಆ ಕಡೆ ರೇಡಿಯೋ ಹಾಡುತ್ತಿತ್ತು. ಯಾರೋ ಅದನ್ನು ಆರಿಸಿದರು.

“ಬೈಯಿ ಅಕ್ಕಾ. ಬೈದುಬಿಡು.”

...

“ಯಾಕೆ ಅಂದ್ರೆ... ಹಸಿವಲ್ಲ. ನಿನ್ನಾಣೆ, ಹಸಿವಲ್ಲ. ಕೆಲಸ ಮುಗಿಸಿ ಬರ್ತಾ ಬೇಕರೀಲಿ ಚೀಸ್ ಹಾಕಿದ ಬನಿತ್ಸಾ ತರ್ತೀನಿ. ಒಂದೇ ಚೂರು ಅಂತ ಕತ್ತರಿಸ್ತೀನಿ. ಅದು ಬಾಯಿಗೆ ಹೋದ ಕೂಡಲೇ, ಹೋಯ್ತು, ಇವತ್ತಿನ ದಿನ ಹೇಗೂ ಕೆಟ್ಟಿತು, ನಾಳೆಯಿಂದ ನೆಟ್ಟಗಿರೋಣ ಅನ್ಸತ್ತೆ. ಆಮೇಲೆ ತಟ್ಟೆ ಖಾಲಿ ಆಗೋವರೆಗೂ ಕೈ ನಿಲ್ಲಲ್ಲ. ಪರದೆ ಎಳ್ಕೊಂಡು, ನಿಂತ್ಕೊಂಡೇ ತಿಂತೀನಿ. ತಿಂದು ನಾಚಿಕೆ ಆಗತ್ತೆ. ಆ ನಾಚಿಕೆ ತಡೀಲಾರದೆ ಮತ್ತೆ ತಿಂತೀನಿ. ... ಹಾಂ, ಹುಚ್ಚೇ. ಅಲ್ವಾ?”

...

“ನಿನಗೆ ಡಾಕ್ಟರು ದಿನಕ್ಕೆ ಮೂರೇ ಲೋಟ ನೀರು ಅಂದ್ರು, ನಾಲ್ಕನೇದು ಮುಟ್ಟಲ್ಲ ನೀನು. ನಾನು ನೋಡು... ಏನಂದೆ? ... ಮಂಜುಗಡ್ಡೆನಾ? ನೇದಾಗೆ ಕಾಣದ ಹಾಗೆ ಚೀಪ್ತೀಯಾ? ನೀನೂನಾ? ನಗಬೇಡ, ಕಾಲು ಊದ್ಕೊಳ್ಳಲ್ವಾ?”

...

“ಅಲ್ಲ ಅಕ್ಕಾ, ಎರಡೂ ಒಂದೇ ಹೇಗಾಗತ್ತೆ? ನೀನು ನಿನ್ನ ಮೈಗೆ ಮೋಸ ಮಾಡ್ಕೊಂಡೆ. ನಾನೂ ಮಾಡಿದ್ದು ನಿನ್ನ ಮೈಗೇ.”

ನಾಳೆ ಆಸ್ಪತ್ರೆಗೆ ಹೋಗಲೇಬೇಕೆಂದು ಅಕ್ಕ ಹೇಳಿದ್ದನ್ನು ಅವನು ಕಣ್ಣು ಮುಚ್ಚಿಕೊಂಡು ಕೇಳಿದ.

“ಹೋಗ್ತೀನಿ. ನಾಳೆ ಹೋಗಿ ಡಾಕ್ಟರ ಮುಂದೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಇನ್ನಷ್ಟು ಸಮಯ ಕೊಡಿ ಅಂತ ಕಾಲಿಗೆ ಬೀಳ್ತೀನಿ. ... ಆಮೇಲೆ ರಜೆ ಹಾಕಿ ನಿಮ್ಮನೇಲೇ ಇರೋದಾ? ದಿನಾನೂ? ನಿನ್ನ ಉಪ್ಪಿಲ್ಲದ ಊಟ... ಬರ್ತೀನಿ. ಬೈಕೊಂಡಾದ್ರೂ ತಿಂತೀನಿ.”

...

“ಈಗ್ಲೇ ತೂಕ ನೋಡ್ಲಾ? ನಿಜವಾದದ್ದು ಹೇಳ್ಬೇಕಾ? ... ಹೂಂ. ಫೋನ್ ಇಡಬೇಡ ಮತ್ತೆ.”

ಬಚ್ಚಲಿನ ಮೂಲೆಯಿಂದ ತೂಕದ ಯಂತ್ರವನ್ನು ಕಾಲಲ್ಲೇ ಎಳೆದ. ಮೇಲೆ ಧೂಳು ಕೂತಿತ್ತು. ಹತ್ತಿ ನಿಂತರೆ ಹೊಟ್ಟೆ ಅಡ್ಡ ಬಂದು ಅಂಕಿ ಕಾಣಲಿಲ್ಲ. ಗೋಡೆ ಹಿಡಿದು ಬಗ್ಗಿದ.

“ನೂರ ಹದಿನಾರು. ಕೇಳಿಸ್ತಾ? ನೂರ ಹದಿನಾರು ಅಕ್ಕಾ... ಅಕ್ಕಾ? ಹಲೋ?”

ಲೈನು ಕಡಿದಿತ್ತು. ಅಂಕಿ ಕೇಳಿಸುವ ಮೊದಲೋ ಆಮೇಲೋ, ತಿಳಿಯಲಿಲ್ಲ. ಒಂದು ಗಳಿಗೆ ಅವನಿಗೆ ಹಾಯೆನಿಸಿತು. ಹಾಗೆನಿಸಿದ್ದಕ್ಕೇ ಮುಖ ಸುಟ್ಟಂತಾಯಿತು. ಯಂತ್ರದಿಂದ ಇಳಿಯದೆಯೇ ಮತ್ತೆ ಅಕ್ಕನ ನಂಬರ್ ಒತ್ತಿದ.