ಹಾಜರಿಯಲ್ಲಿ ಕೂಗುವ ಹೆಸರು

ಅಲ್ಲಾ, ನಾನೇನು ನಿನ್ನ ಹೊಡೆದ್ನಾ, ಬಡಿದ್ನಾ? ಯಾಕಂಗೆ ನೋಡ್ತೀಯೇ ಕೊಲ್ಲಾಪುರಮ್ಮ? ಕೂತ್ಕೋ, ಜಗುಲಿ ಕೆಳಗೆ ಕೂತ್ಕೋ. ಹಾಜರಿಗೆ ಇನ್ನೂ ಹೊತ್ತೈತೆ, ನಮ್ಮನೆಯೋರು, ಪಟೇಲರು, ಹೊಲದಿಂದ ಬಂದಿಲ್ಲ... ಕೂರಲ್ವಾ? ನಿಂತ್ಕೋ ಹಂಗಾರೆ.

ಮಗು ಹೋಯ್ತು ಅಂತ ನಂಗೂ ಸಂಕಟ ಕಣಮ್ಮ. ಏನ್ಮಾಡೋದು? ಈ ಸಲದ ಚಳಿಜ್ವರಕ್ಕೆ ನಿಮ್ಮ ಕೊರಮರ ಹಟ್ಟೀಲಿ ಆರು ಮಕ್ಕಳು! ಊರೊಳಗೆ ಒಂದೂ ಇಲ್ಲ. ನಿಮ್ಮ ಮೈಯೇ ಅಂಥದ್ದು ಅಂತಾರೆ ಶಾನುಭೋಗರು... ಏನು? ಹೌದಮ್ಮ, ಊರೋರು ಗಾಡಿ ಕಟ್ಕೊಂಡು ಮಧುಗಿರಿ ಆಸ್ಪತ್ರೆಗೆ ಹೋದ್ರು, ಕ್ವಿನೈನು ತಂದ್ರು. ನೀವು ಅಪ್ಪಣೆ ಚೀಟಿ ಇಲ್ದೆ ಊರ ಗಡಿ ದಾಟಿದ್ರೆ ಪೊಲೀಸ್ನೋರು ಒಳಗೆ ಹಾಕ್ತಾರೆ. ಕಳ್ಳರ ಜಾತಿ ಅಂತ ಸರ್ಕಾರ ಬರಕೊಂಡೈತೆ. ನಾನಾ ಬರೆದಿದ್ದು?

ಚೀಟಿ ಕೊಡೋರು ಪಟೇಲರು. ಅವರು ಬರೀಲಿಲ್ಲ. ಅವತ್ತು ನೀನು ಕೇಳೋಕೆ ಬಂದಾಗ್ಲೇ ಹೇಳಿದ್ನಲ್ಲ ನಿಂಗೆ!

ಯಾಕೆ ನಗ್ತೀಯಾ? ಮಗೂನ ಮಣ್ಣು ಮಾಡಿ ಮೂರು ದಿನ ಆಗಿಲ್ಲ, ನಗ್ತಾಳೆ! ತಳವಾರ ಅಡವಯ್ಯ ಏನಾರ ಊದಿದ್ನಾ ಕಿವೀಲಿ?

ನಿಂಗೇನಮ್ಮ ಕಮ್ಮಿ? ನೀವು ಊರಲ್ಲೇ ಇದ್ದೀರೋ ಇಲ್ವೋ ಅಂತ ದಿನಾ ಎರಡೊತ್ತು ನಮ್ಮೋರು ಇಲ್ಲಿ ನಿಂತು "ಕೊಲ್ಲಾಪುರಮ್ಮಾ" ಅಂತ ಬಾಯ್ತುಂಬ ಕೂಗ್ತಾರೆ. ನಾನು ಒಲೆ ಮುಂದೆ ಕೂತು ಕೇಳ್ಬೇಕು. ಮದುವೆಯಾಗಿ ಹದಿನೆಂಟು ವರ್ಷ! ಚನ್ನಮಲ್ಲಮ್ಮ ಅಂತ ನಂಗೂ ಒಂದು ಹೆಸರೈತೆ ಅಂತ ಆ ಬಾಯಿಗೆ ಗೊತ್ತೇ ಇಲ್ಲ. "ಲೇ"... "ಇವಳೇ"... ಹೆಂಡ್ತೀನ ಯಾರೂ ಹೆಸರಿಡಿದು ಕರೆಯಲ್ಲ, ಗೊತ್ತು. ಆದ್ರೂ ಹೊಟ್ಟೆ ಉರೀತದೆ ಕಣೇ! ಪಟ್ಟೀಲಿ ನಲವತ್ತು ಹೆಸರು. ನಿನ್ನದಕ್ಕೇ ಅವರ ದನಿ ಮೆತ್ತಗಾಗ್ತದೆ. ಇಲ್ವಾ? ಇಲ್ಲ ಅನ್ನು, ನೋಡಾನ!

...ಜೈಲು ತಪ್ಪಲಿ ಅಂತ ಓಡ್ಬಂದು ನಿಲ್ತೀಯ. ಅಷ್ಟೇ. ನಂಗೂ ಗೊತ್ತು.

ಅಂಗೆ ನೋಡ್ಬೇಡ ಅಂದೆ. ಬಯ್ಯಿ ಬೇಕಾದ್ರೆ. ಮಣ್ಣು ತೂರು.

ಆಯ್ತು... ಚೀಟಿ ಬರೆದಿದ್ರು. ಅವಳು ಬಂದ್ರೆ ಕೊಡು ಅಂತ ನನ್ ಕೈಗೇ ಕೊಟ್ಟು ಹೋದ್ರು. ನಂಗೆ ಓದೋಕೆ ಬರಲ್ಲ. ಯಾವುದು ನಿನ್ನ ಹೆಸರು ಅಂತ ಅಡವಯ್ಯನ್ನ ಕೇಳ್ದೆ, ತೋರಿಸ್ದ. ಅವರ ಕೈಯಾರೆ ಬರೆದ ಹೆಸರು... ಕೊಡೋಕೆ ಮನಸ್ಸಾಗ್ಲಿಲ್ಲ. ಸೀರೆ ಪೆಟ್ಟಿಗೇಲಿ ಹಾಕ್ಬುಟ್ಟೆ. ಕೊಟ್ಟೆ, ಅವಳೇ ಹೋಗ್ಲಿಲ್ಲ ಅಂತ ಅವರಿಗೂ ಹೇಳ್ದೆ. ಒಂದಿನ ಕಾಯ್ಲಿ ಅಂದ್ಕೊಂಡೆ ಕಣಮ್ಮ, ಒಂದೇ ದಿನ. ಮಗು ಸಾಯ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ...

ಏನಾರ ಮಾತಾಡೇ!

...ನಂಗೆ ಗೊತ್ತಿತ್ತು.