ಕಾರು ಚಾರ್ಜಿಂಗ್ ಲೈನಿನ ಬಗ್ಗೆ ವೈರ್‌ಮನ್ ಕೊಟ್ಟ ಎರಡನೇ ಹೇಳಿಕೆ

ಹೆಸರು ಮಧ್ಯಾಹ್ನದ ಹೇಳಿಕೆಯಲ್ಲಿ ಇರುವಂತೆ; ಬಡಾವಣೆಯಲ್ಲಿ ಫ್ಯೂಸ್ ಮಾಮ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ವಯಸ್ಸು 51. ವೃತ್ತಿ: ಪರವಾನಗಿ ಪಡೆದ ವೈರಿಂಗ್ ಕೆಲಸ, 27 ವರ್ಷದಿಂದ. ವಾಸ: ನೀರಿನ ಟ್ಯಾಂಕಿನ ಹಿಂದಿನ ಎರಡನೇ ಅಡ್ಡರಸ್ತೆ, ಹೊಲಿಗೆ ಅಂಗಡಿಯ ಮೇಲಿನ ಮನೆ.

ಇಂದು ಮಧ್ಯಾಹ್ನ 12-10ಕ್ಕೆ ಠಾಣೆಯ ಇದೇ ಮೇಜಿನ ಮುಂದೆ ಕುಳಿತು ನಾನು ಬರೆಸಿದ ಹೇಳಿಕೆ ಸುಳ್ಳು. ಅದನ್ನು ಬದಿಗಿಟ್ಟು ಈ ಮೂಲಕ ತಿಳಿಸುವುದೇನೆಂದರೆ:

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಪ್ರೊಫೆಸರ್ ಮನೆಗೆ ಕಳೆದ ವರ್ಷ ಕಾರು ಚಾರ್ಜಿಂಗ್ ಲೈನು ಎಳೆದವನು ನಾನೇ. ಆ ಮನೆಯಲ್ಲಿ ಆರು ವರ್ಷದಿಂದ ಬೆಳಗಿನ ಕೆಲಸ ಮಾಡುವ ನನ್ನ ನಾದಿನಿ, ಅಂದರೆ ಹೆಂಡತಿಯ ತಂಗಿ, 'ನಮ್ಮ ಭಾವ ಅಚ್ಚುಕಟ್ಟಾಗಿ ಮಾಡ್ತಾರೆ' ಎಂದು ಹೇಳಿ ಕೊಡಿಸಿದ ಕೆಲಸ ಅದು. ಮೀಟರ್ ಬೋರ್ಡಿನಿಂದ ಪೋರ್ಟಿಕೋ ಗೋಡೆಯವರೆಗೆ 11 ಮೀಟರ್, ಬೇರೆಯದೇ ಲೈನು, ಸರಿಯಾದ ಅರ್ಥಿಂಗ್, ಅದಕ್ಕೆಂದೇ ಒಂದು ಟ್ರಿಪ್ಪರ್ ಹಾಕಿದ್ದೆ. ಟ್ರಿಪ್ಪರ್ ಎಂದರೆ ಕರೆಂಟು ಎಲ್ಲಿಯಾದರೂ ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ಲೈನು ಕಡಿಯುವ ಸ್ವಿಚ್ಚು. ಮುಟ್ಟಿದವರ ಜೀವ ಉಳಿಸುವುದು ಅದು, ಫ್ಯೂಸ್ ಅಲ್ಲ. ಕಾರು ಪೋರ್ಟಿಕೋದೊಳಗೇ ನಿಲ್ಲಬೇಕು, ಅದರ ಕೇಬಲ್ ನೇರವಾಗಿ ಗೋಡೆಯ ಪ್ಲಗ್ಗಿಗೆ ಹೋಗಬೇಕು, ಮಧ್ಯೆ ಎಕ್ಸ್‌ಟೆನ್ಶನ್ ವೈರು ಕೂಡದು ಎಂದು ಬಾಯಲ್ಲಿ ಹೇಳಿ, ಬರೆದೂ ಕೊಟ್ಟಿದ್ದೆ.

ಈ ತಿಂಗಳ 3ರಂದು ಬೆಳಿಗ್ಗೆ 10 ಗಂಟೆಗೆ ಪ್ರೊಫೆಸರ್ ಫೋನ್ ಮಾಡಿ ಟ್ರಿಪ್ಪರ್ ಪದೇ ಪದೇ ಬೀಳುತ್ತಿದೆ ಎಂದರು. ಹೋಗಿ ನೋಡಿದರೆ ಕಾರು ಗೇಟಿನ ಹೊರಗೆ ರಸ್ತೆಯಲ್ಲಿತ್ತು. ಪೋರ್ಟಿಕೋದಲ್ಲಿ ಕಾರಿನ ಜಾಗದಲ್ಲಿ ಯಾರೂ ಓಡದ ಟ್ರೆಡ್‌ಮಿಲ್ಲು, ಅದರ ಮೇಲೆ ಒಣಹಾಕಿದ ಟವೆಲ್ಲುಗಳು. ಗೋಡೆಯ ಪ್ಲಗ್ಗಿನಿಂದ ಗೇಟಿನ ಕೆಳಗೆ ತೂರಿಸಿ 8 ಮೀಟರ್ ಎಕ್ಸ್‌ಟೆನ್ಶನ್ ವೈರು ಎಳೆದಿದ್ದರು. ಕಬ್ಬಿಣದ ಗೇಟು ದಿನಕ್ಕೆ ಹತ್ತು ಸಲ ಅದರ ಮೇಲೆ ಉಜ್ಜಿ ಒಂದು ಕಡೆ ಸಿಪ್ಪೆ ಕಿತ್ತಿತ್ತು. ಅಲ್ಲಿಗೆ ಮಕ್ಕಳ ಮೊಣಕಾಲಿನ ಗಾಯಕ್ಕೆ ಅಂಟಿಸುವ ಪಟ್ಟಿ ಸುತ್ತಿದ್ದರು. ನೆಲ ತೊಳೆದಾಗಲೆಲ್ಲ ಟ್ರಿಪ್ಪರ್ ಬೀಳುತ್ತಿದ್ದುದು ಅದರಿಂದ. ಆ ಮನೆಯಲ್ಲಿ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದದ್ದು ಆ ಟ್ರಿಪ್ಪರ್ ಒಂದೇ. ಈ ವೈರನ್ನು ಇವತ್ತೇ ಬಿಸಾಕಿ ಎಂದು ಹೇಳಿ ಬಂದೆ.

9ರಂದು ಸಂಜೆ 4-30ಕ್ಕೆ ಅದೇ ಮನೆಗೆ ಗೀಸರ್ ರಿಪೇರಿಗೆ ಹೋದೆ. ಆ ಎಕ್ಸ್‌ಟೆನ್ಶನ್ ವೈರು ಗೇಟಿನ ಕೆಳಗೆ ಹಾಗೆಯೇ ಇತ್ತು. ಮೀಟರ್ ಬೋರ್ಡು ತೆರೆದಾಗ, ಟ್ರಿಪ್ಪರಿಗೆ ಒಳಬರುವ ಮತ್ತು ಹೊರಹೋಗುವ ತಂತಿಗಳನ್ನು ನಾಲ್ಕಿಂಚಿನ ಎರಡು ಕೆಂಪು ವೈರಿನ ತುಂಡುಗಳಿಂದ ನೇರ ಜೋಡಿಸಿದ್ದು ಕಂಡಿತು. ಅಂದರೆ ಟ್ರಿಪ್ಪರ್ ಬಿದ್ದರೂ ಕರೆಂಟು ನಿಲ್ಲುವುದಿಲ್ಲ. ಹೀಗೆ ಮಾಡಬಾರದು ಎಂದಾಗ ಪ್ರೊಫೆಸರ್ ನಕ್ಕು, 'ಕರೆಂಟಿನ ಪಾಠ ಹೇಳೋನು ನಾನು ಮಾರಾಯ, ನೀನು ಗೀಸರ್ ನೋಡು' ಎಂದರು. ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಹಾಗೆಯೇ ಕಾಲೇಜಿನ ಹೊಸ ಹಾಸ್ಟೆಲ್ಲಿನ ವೈರಿಂಗ್ ನಿನಗೇ ಕೊಡಿಸುತ್ತೇನೆ ಎಂದೂ ಹೇಳಿದರು. ನಾಲ್ಕು ಸ್ಕ್ರೂ ಸಡಿಲಿಸಿ ಆ ತುಂಡುಗಳನ್ನು ತೆಗೆಯುವುದು ಎರಡು ನಿಮಿಷದ ಕೆಲಸ, ಸ್ಕ್ರೂಡ್ರೈವರ್ ನನ್ನ ಕೈಯಲ್ಲೇ ಇತ್ತು. ಹಾಸ್ಟೆಲ್ಲಿನ ಆಸೆಗೆ ಬಾಯಿಗೆ ಬೀಗ ಹಾಕಿಕೊಂಡು ಬೋರ್ಡು ಮುಚ್ಚಿದೆ. ನಾದಿನಿಗೂ ಹೇಳಲಿಲ್ಲ. ಹೇಳಿದರೆ ಆ ಮನೆಯಲ್ಲಿ ಮಾತು ಬೆಳೆಯುತ್ತದೆ ಎಂದುಕೊಂಡೆ.

ಇಂದು 14ರಂದು ಬೆಳಿಗ್ಗೆ 7-40ಕ್ಕೆ ನಾದಿನಿ ಪೋರ್ಟಿಕೋ ತೊಳೆದು, ಒದ್ದೆ ಕೈಯಲ್ಲಿ ಗೇಟು ತಳ್ಳಿದ್ದಾಳೆ. ವೈರಿನ ಸಿಪ್ಪೆ ಕಿತ್ತ ಕಡೆಯಿಂದ ಗೇಟಿಗೆ ಕರೆಂಟು ಇಳಿದು, ಕೈ ಗೇಟಿಗೆ ಅಂಟಿಕೊಂಡಿದೆ. ಪಕ್ಕದ ಮನೆಯ ಡ್ರೈವರ್ ಪ್ಲಾಸ್ಟಿಕ್ ಕುರ್ಚಿಯಿಂದ ತಳ್ಳಿ ಬಿಡಿಸಿ, ಆಸ್ಪತ್ರೆಗೆ ಸೇರಿಸಿ, ನನಗೆ ಫೋನ್ ಮಾಡಿದ. ನಾನು 8-15ಕ್ಕೆ ಆ ಮನೆ ತಲುಪಿದೆ. ಪ್ರೊಫೆಸರ್ ಇಸ್ತ್ರಿ ಶರ್ಟಿನಲ್ಲಿ ಬೋರ್ಡಿನ ಮುಂದೆ ನಿಂತು ಸ್ಕ್ರೂ ಬಿಗಿಯುತ್ತಿದ್ದರು. ಕೆಂಪು ವೈರಿನ ತುದಿ ಅವರ ಪ್ಯಾಂಟಿನ ಜೇಬಿನಿಂದ ಹೊರಗೆ ಕಾಣುತ್ತಿತ್ತು. ಅವರ ಹೆಂಡತಿ ನನ್ನನ್ನು ಕೇಳಿದ ಮೊದಲ ಮಾತು, 'ಕಾರಿನ ಬ್ಯಾಟರಿಗೆ ಏನೂ ಆಗಿರಲ್ಲ ಅಲ್ವಾ?' ಎಂದು. ಬ್ಯಾಟರಿಗೆ ಏನೂ ಆಗಿಲ್ಲ ಎಂದು ಉತ್ತರ ಕೊಟ್ಟೆ.

ಪ್ರೊಫೆಸರ್ ನನ್ನನ್ನು ಬದಿಗೆ ಕರೆದು, 'ಅವಳು ನೋಡದೆ ವೈರ್ ಮೇಲೆ ನೀರು ಸುರಿದಳು ಅಂತ ಬರೆಸೋಣ. ನೀನೂ ಬೋರ್ಡು ನೋಡಿದ್ದೀಯ, ನಿನ್ನ ಲೈಸೆನ್ಸೂ ಉಳಿಯುತ್ತೆ' ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ ಇದು ಎಂದು ಗೊತ್ತಿದ್ದೂ ಮಧ್ಯಾಹ್ನ ಠಾಣೆಗೆ ಬಂದು ಹಾಗೆಯೇ ಬರೆಸಿದೆ. ನೀರಿನಿಂದ ಆದದ್ದಲ್ಲ. ಟ್ರಿಪ್ಪರ್ ಲೈನಿನಲ್ಲಿ ಇದ್ದಿದ್ದರೆ ಅವಳಿಗೆ ಚುರುಕ್ ಎಂದು ಒಂದು ಸಲ ಮುಟ್ಟಿ ಬಿಡುತ್ತಿತ್ತು, ಅಷ್ಟೇ.

ಸಂಜೆ 4 ಗಂಟೆಗೆ ಆಸ್ಪತ್ರೆಗೆ ಹೋದೆ. ನಾದಿನಿಯ ಬಲಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದ್ದರು. ಎರಡು ಬೆರಳು ಉಳಿಯುವುದು ಅನುಮಾನ ಎಂದು ಡಾಕ್ಟರು ಹೇಳಿದರು. ನನಗಿಂತ ಮುಂಚೆ ಪ್ರೊಫೆಸರ್ ಹೆಂಡತಿ ಬಂದು, ತಪ್ಪು ನಿನ್ನದೇ ಎಂದು ತಿಳಿಹೇಳಿ ಹೋಗಿದ್ದರು. ನಾದಿನಿ ಅವರ ಕ್ಷಮೆ ಕೇಳಿದ್ದಳಂತೆ. ನನ್ನನ್ನು ನೋಡಿ, 'ನಿಮ್ಮ ಕೆಲಸಕ್ಕೆ ಕೆಟ್ಟ ಹೆಸರು ತಂದೆ ಭಾವ' ಎಂದಳು. ಆಮೇಲೆ, 'ಗೇಟಿಗೆ ಕರೆಂಟು ಬರಬಹುದು ಅಂತ ನಿಮಗೆ ಗೊತ್ತಿದ್ರೆ ನನಗೊಂದು ಮಾತು ಹೇಳ್ತಿದ್ರಿ, ಅಲ್ವಾ?' ಎಂದು ಕೇಳಿದಳು.

ನಾನು ಹೌದು ಎಂದೆ. ಅಲ್ಲಿಂದ ನೇರ ಇಲ್ಲಿಗೆ ಬಂದಿದ್ದೇನೆ.

ನಾದಿನಿಯದು ಯಾವ ತಪ್ಪೂ ಇಲ್ಲ. ವೈರು ಜೋಡಿಸಿದವರು ಪ್ರೊಫೆಸರ್, ನೋಡಿ ಸುಮ್ಮನಿದ್ದವನು ನಾನು. ನನ್ನ ಪರವಾನಗಿ ಪತ್ರವನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ಮೇಲೆ ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ. ಎಲ್ಲವೂ ನಿಜ, ಆಸ್ಪತ್ರೆಯಲ್ಲಿ ನಾನು ಹೇಳಿದ ಆ ಹೌದು ಒಂದನ್ನು ಬಿಟ್ಟು.

ಸ್ಥಳ: ಠಾಣೆ
ದಿನಾಂಕ: 14, ಸಂಜೆ 5-35
ಸಹಿ: ಹೇಳಿಕೆ ಕೊಟ್ಟ ವೈರ್‌ಮನ್